ಹಳಿ ಕಳಚಿದ ಸೇತುವೆಗಳು

ರೈಲುಸೇತುವೆಗೆ ಮುಪ್ಪು ಒಮ್ಮೆಗೇ ಬರುವುದಿಲ್ಲ. ಗಾಡಿಯೊಂದು ಹಾದುಹೋಗುವಾಗ ಅದರ ತೊಲೆಗಳು ಕಣ್ಣಿಗೆ ಕಾಣದಷ್ಟು ಬಾಗಿ, ಮತ್ತೆ ನೆಟ್ಟಗಾಗುತ್ತವೆ. ಲಕ್ಷಾಂತರ ಬಾರಿ ಹೀಗಾದಾಗ ಲೋಹವೂ ದಣಿಯುತ್ತದೆ. ತುಕ್ಕು ಮೇಲಿನಿಂದ ತಿನ್ನುತ್ತದೆ. ನದಿಯ ಸೆಳೆತ ಬುಡದ ಮಣ್ಣನ್ನು ಕೊರೆಯುತ್ತದೆ. ಇದರ ಜೊತೆಗೆ ಎಂಜಿನುಗಳೂ ಸರಕಿನ ಗಾಡಿಗಳೂ ಕಾಲ ಕಳೆದಂತೆ ಭಾರವಾಗುತ್ತ ಬಂದಿವೆ. ಆಗ ಎಂಜಿನಿಯರರು ಮೊದಲು ಗಾಡಿಗಳ ವೇಗವನ್ನು ತಗ್ಗಿಸುತ್ತಾರೆ. ಅನಂತರ ಹೊಸ ಸೇತುವೆಗೆ ಅಡಿಪಾಯ ಹಾಕುತ್ತಾರೆ. ಹೊಸದು ಮುಗಿಯುವವರೆಗೆ ಹಳೆಯದರ ಮೇಲಿನ ಸಂಚಾರ ನಿಲ್ಲುವಂತಿಲ್ಲವಾದ್ದರಿಂದ ಅದು ಸಾಮಾನ್ಯವಾಗಿ ಪಕ್ಕದಲ್ಲಿಯೇ ಏಳುತ್ತದೆ. ಕೊನೆಗೊಂದು ದಿನ ಹಳಿಗಳ ದಿಕ್ಕು ಬದಲಾಗುತ್ತದೆ. ಹಳೆಯ ಸೇತುವೆಯ ಗತಿಯೇನು?

ಸ್ಕಾಟ್ಲೆಂಡಿನ ಟೇ ನದಿಯ ಸೇತುವೆಯ ಕಥೆ ದಾರುಣವಾದುದು. ಥಾಮಸ್ ಬೌಚ್ ಎಂಬ ಎಂಜಿನಿಯರ್ ರೂಪಿಸಿದ ಆ ಸೇತುವೆ 1878ರಲ್ಲಿ ತೆರೆಯಿತು. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಅದರ ನಡುಭಾಗ ಕುಸಿದು, ಮೇಲಿದ್ದ ಗಾಡಿ ನೀರಿಗೆ ಬಿತ್ತು. ಗಾಡಿಯಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಸೇತುವೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಮೂರೂ ದೋಷಪೂರಿತವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಮರುವರ್ಷವೇ ಬೌಚ್ ತೀರಿಕೊಂಡರು. 1887ರಲ್ಲಿ ಪಕ್ಕದಲ್ಲಿಯೇ ಹೊಸ ಸೇತುವೆ ಸಿದ್ಧವಾಯಿತು. ಬೀಳದೆ ಉಳಿದಿದ್ದ ಹಳೆಯ ತೊಲೆಗಳಲ್ಲಿ ಅನೇಕವನ್ನು ಇದಕ್ಕೇ ಸಾಗಿಸಿ ಜೋಡಿಸಿದರು. ನೀರಿನಿಂದ ಮೇಲೆತ್ತಿದ ಎಂಜಿನು ಕೂಡ ದುರಸ್ತಿಯಾಗಿ 1919ರವರೆಗೆ ದುಡಿಯಿತು. ಜನ ಅದನ್ನು 'ಮುಳುಗುಗಾರ' ಎಂದು ಕರೆದರಂತೆ! ಹಳೆಯ ಕಂಬಗಳ ಮೋಟುಗಳು ಇಂದಿಗೂ ಹೊಸ ಸೇತುವೆಯ ಮಗ್ಗುಲಲ್ಲಿ ಸಾಲಾಗಿ ತಲೆಯೆತ್ತಿ ನಿಂತಿವೆ.

ಎಲ್ಲ ಸೇತುವೆಗಳ ಪಾಡೂ ಹೀಗಲ್ಲ. ಗುಜರಾತಿನ ಭರೂಚದಲ್ಲಿ ನರ್ಮದೆಯ ಮೇಲೆ 1881ರಲ್ಲಿ ಕಟ್ಟಿದ ಸೇತುವೆಗೆ 'ಸುವರ್ಣ ಸೇತುವೆ' ಎಂದು ಹೆಸರು. ಅದಕ್ಕೆ ತಗುಲಿದ ವೆಚ್ಚದಲ್ಲಿ ಚಿನ್ನದ ಸೇತುವೆಯನ್ನೇ ಕಟ್ಟಬಹುದಿತ್ತು ಎಂಬುದು ಜನರ ಮಾತು. 1935ರಲ್ಲಿ ರೈಲಿಗೆ ಬೇರೆ ಸೇತುವೆಯಾದ ಮೇಲೆ ಇದು ರಸ್ತೆಯ ಸೇತುವೆಯಾಗಿ ದಶಕಗಳ ಕಾಲ ಜನರಿಗೂ ವಾಹನಗಳಿಗೂ ದಾರಿಕೊಟ್ಟಿತು. ರೈಲಿನ ಭಾರಕ್ಕೆ ಸಾಲದಾದ ತೊಲೆ ಹಗುರ ವಾಹನಗಳನ್ನು ಹೊರಬಲ್ಲದು.

ರಾಜಮಹೇಂದ್ರಿಯ ಬಳಿ ಗೋದಾವರಿಯನ್ನು ದಾಟುವ ಹ್ಯಾವ್‌ಲಾಕ್ ಸೇತುವೆಯ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಮದ್ರಾಸಿನ ಗವರ್ನರರ ಹೆಸರು ಹೊತ್ತು 1900ರಲ್ಲಿ ತೆರೆದ ಈ ಸೇತುವೆಗೆ 56 ಅಂಕಣಗಳು. ಉದ್ದ ಎರಡೂವರೆ ಕಿಲೋಮೀಟರಿಗೂ ಮಿಗಿಲು. ಸುಮಾರು ನೂರು ವರ್ಷ ದುಡಿದ ಮೇಲೆ, 1997ರಲ್ಲಿ ಇದಕ್ಕೆ ನಿವೃತ್ತಿಯಾಯಿತು. ಕಮಾನುಗಳ ಹೊಸ ಸೇತುವೆ ಇದರ ಕೆಲಸವನ್ನು ವಹಿಸಿಕೊಂಡಿತು.

ಇಂತಹ ಸೇತುವೆಯನ್ನು ಕೆಡವುವುದು ಕಟ್ಟುವಷ್ಟೇ ಎಚ್ಚರ ಬೇಡುವ ಕೆಲಸ. ಒಂದು ತೊಲೆಯನ್ನು ಅಜಾಗರೂಕತೆಯಿಂದ ಕತ್ತರಿಸಿದರೆ ಉಳಿದವುಗಳ ಮೇಲಿನ ಭಾರದ ಹಂಚಿಕೆ ಏರುಪೇರಾಗುತ್ತದೆ. ಆದುದರಿಂದ ಕೆಳಗಿನಿಂದ ಆಸರೆ ಕೊಟ್ಟು, ತುಂಡು ತುಂಡಾಗಿ ಬಿಡಿಸಿ ಇಳಿಸಬೇಕು. ಹಳೆಯ ಉಕ್ಕಿಗೆ ಗುಜರಿಯಲ್ಲಿ ಬೆಲೆಯುಂಟು. ನೀರಿನ ನಡುವಿನ ಕಲ್ಲಿನ ಕಂಬಕ್ಕೆ ಬೆಲೆಯಿಲ್ಲ, ಕೀಳುವ ಖರ್ಚು ಮಾತ್ರ ಬಹಳ. ಬಹುತೇಕ ನದಿಗಳಲ್ಲಿ ತೊಲೆ ಮಾಯವಾಗಿ ಕಂಬ ಉಳಿದಿರುವುದರ ಗುಟ್ಟು ಇದೇ.

ಹಾಗೆಂದು ಉಳಿಸಿಕೊಳ್ಳುವುದೂ ಪುಕ್ಕಟೆಯಲ್ಲ. ಗಾಡಿ ಓಡದಿದ್ದರೂ ತುಕ್ಕು ನಿಲ್ಲುವುದಿಲ್ಲ. ಬಣ್ಣ ಬಳಿಯಬೇಕು, ಬುಡ ಪರೀಕ್ಷಿಸಬೇಕು. ಅಭಿಮಾನದಿಂದ ಉಳಿಸಿ, ಆಮೇಲೆ ಮರೆತುಬಿಟ್ಟ ಸೇತುವೆಯು ಕೆಡವಿದ ಸೇತುವೆಗಿಂತ ಅಪಾಯಕಾರಿ. ಹ್ಯಾವ್‌ಲಾಕ್ ಸೇತುವೆಯನ್ನು ಜನರು ಅಡ್ಡಾಡುವ ವಿಹಾರತಾಣವಾಗಿ ಮಾಡಬೇಕೆಂಬ ಆಲೋಚನೆ ಹಲವು ಬಾರಿ ಮೂಡಿದೆ. ಅದಕ್ಕೆ ಕಟಕಟೆ, ನೆಲಹಾಸು, ದೀಪಗಳಷ್ಟೇ ಸಾಲವು. ವರ್ಷವರ್ಷವೂ ಅದರ ಮೈ ತಟ್ಟಿ ನೋಡುವವರು ಬೇಕು.