ಚಳಿಗೆ ಕೈಕೊಡುವ ಏರ್ ಬ್ರೇಕ್

ಬಸ್ಸು ನಿಂತಾಗ ಚಕ್ರಗಳ ಸಂದಿಯಿಂದ ‘ಫುಸ್ಸ್’ ಎಂದು ಹೊರಬೀಳುವ ಸದ್ದು ಎಲ್ಲರಿಗೂ ಗೊತ್ತು. ಅದು ಬ್ರೇಕಿನ ಗಾಳಿ. ಕಾರಿನಲ್ಲಿ ಪೆಡಲ್ ಒತ್ತಿದರೆ ಆ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಬ್ರೇಕ್ ಆಯಿಲ್. ಬಸ್ಸು, ಲಾರಿಗಳಲ್ಲಿ ಆ ಕೆಲಸ ಗಾಳಿಯದು. ಎಂಜಿನ್ನಿನ ಬಲದಿಂದ ನಡೆಯುವ ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು, ಚಾಸಿಗೆ ಬಿಗಿದ ಟ್ಯಾಂಕುಗಳಿಗೆ ತುಂಬುತ್ತದೆ. ತುಂಬಿದಾಗ ಮೀಟರಿನ ಮುಳ್ಳು ಎಂಟು ಕೆಜಿ ಆಸುಪಾಸು ತೋರಿಸುತ್ತದೆ, ಅಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಎಂಟು ಕಿಲೊ ಭಾರ.

ಗಾಳಿ ಬಿಟ್ಟಿ ಸಿಗುತ್ತದೆ. ಅಲ್ಪಸ್ವಲ್ಪ ಸೋರಿದರೂ ಕಂಪ್ರೆಸರ್ ಮತ್ತೆ ತುಂಬಿಕೊಡುತ್ತದೆ. ಚಳಿಗಂತೂ ಅದು ಜಗ್ಗುವುದೇ ಇಲ್ಲ. ಆಮ್ಲಜನಕ ದ್ರವವಾಗಬೇಕಾದರೆ ಮೈನಸ್ 183 ಡಿಗ್ರಿ ಬೇಕು, ಸಾರಜನಕಕ್ಕೆ ಮೈನಸ್ 196. ಹಾಗಿದ್ದರೂ ಲಡಾಖ್‌ನಲ್ಲಿ ಮೈನಸ್ 20ರ ರಾತ್ರಿ ಕಳೆದ ಲಾರಿ ಬೆಳಿಗ್ಗೆ ಜಪ್ಪಯ್ಯ ಅಂದರೂ ಕದಲದಿರಬಹುದು. ತಪ್ಪು ಗಾಳಿಯದಲ್ಲ. ಅದರ ಜೊತೆ ಒಳನುಗ್ಗಿದ ನೀರಿನದು, ಗಾಳಿಯನ್ನು ತಡೆದಿಡಬೇಕಾದ ರಬ್ಬರಿನದು.

ಮೊದಲು ನೀರಿನ ಲೆಕ್ಕ ನೋಡೋಣ. ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. ಸೊನ್ನೆ ಡಿಗ್ರಿಗೆ ಇಳಿದರೆ ಐದು ಗ್ರಾಂ, ಮೈನಸ್ 20ರಲ್ಲಿ ಬರೀ ಒಂದು ಗ್ರಾಂ. ಎಂಟು ಕೆಜಿ ಒತ್ತಡವೆಂದರೆ ಒಂಬತ್ತು ಟ್ಯಾಂಕು ಹಿಡಿಯುವ ಗಾಳಿಯನ್ನು ಒಂದೇ ಟ್ಯಾಂಕಿಗೆ ತುರುಕಿದ ಹಾಗೆ. ಅಷ್ಟೂ ಗಾಳಿಯ ನೀರಾವಿ ಒಳಗೆ ಬಂದಾಯಿತು. ಆದರೆ ಒಂದು ಟ್ಯಾಂಕಿನ ಜಾಗದಲ್ಲಿ ಎಷ್ಟು ಆವಿ ಆವಿಯಾಗಿಯೇ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಉಷ್ಣತೆ. ಗಾಳಿಯನ್ನು ಎಷ್ಟು ತುರುಕಿದಿರಿ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಮಿಕ್ಕಿದ್ದೆಲ್ಲ ನೀರಾಗಿ ತಳ ಸೇರುತ್ತದೆ.

ಇದರಲ್ಲೊಂದು ತಮಾಷೆಯಿದೆ. ಕೊರೆಯುವ ಚಳಿಯ ಊರಿನ ಗಾಳಿ ಒಣ ಗಾಳಿ, ಅದು ಟ್ಯಾಂಕಿಗೆ ತರುವ ನೀರು ತೀರಾ ಕಡಿಮೆ. ಲಡಾಖ್‌ನ ದ್ರಾಸ್‌ನಲ್ಲಿ ಬ್ರೇಕಿಗೆ ಕಂಟಕವಾಗುವ ನೀರು ಬಹುಪಾಲು ಬಯಲುಸೀಮೆಯಿಂದ ಹೊತ್ತು ತಂದದ್ದು. ಅಕ್ಟೋಬರಿನಲ್ಲಿ ಜಮ್ಮುವಿನ ಸೆಕೆಯಲ್ಲಿ ಹೊರಟ ಲಾರಿ, 3,528 ಮೀಟರ್ ಎತ್ತರದ ಜೋಜಿ ಲಾ ಕಣಿವೆಮಾರ್ಗ ಏರಿ ಆಚೆ ಇಳಿಯುವಷ್ಟರಲ್ಲಿ ಟ್ಯಾಂಕಿನ ತಳದಲ್ಲಿ ಜಮ್ಮುವಿನ ನೀರು ಕುಲುಕುತ್ತಿರುತ್ತದೆ. ರಾತ್ರಿ ಎಂಜಿನ್ ಆರಿಸಿದ ಮೇಲೆ ಅದು ವಾಲ್ವಿನ ಸಣ್ಣ ರಂಧ್ರದಲ್ಲೋ ಪೈಪಿನ ತಗ್ಗಾದ ಬಳುಕಿನಲ್ಲೋ ಹೆಪ್ಪುಗಟ್ಟುತ್ತದೆ. ಕಡಲೆಕಾಳಿನಷ್ಟು ಮಂಜುಗಡ್ಡೆ ಸಾಕು.

ಅದಕ್ಕೇ ಪ್ರತಿ ಟ್ಯಾಂಕಿನ ತಳದಲ್ಲೂ ಒಂದು ಡ್ರೈನ್ ವಾಲ್ವ್ ಇರುತ್ತದೆ. ಅದರ ಬಳೆ ಹಿಡಿದು ಎಳೆದರೆ ಕಿವಿ ಗುಯ್‌ಗುಡುವ ಸದ್ದಿನೊಡನೆ ಕೆಸರು ಬಣ್ಣದ ಜಿಡ್ಡು ನೀರು ಚಿಮ್ಮುತ್ತದೆ. ಅದು ಕಂಪ್ರೆಸರಿನ ಎಣ್ಣೆಯೂ ಟ್ಯಾಂಕಿನ ತುಕ್ಕೂ ಬೆರೆತ ನೀರು. ಬರೀ ಗಾಳಿ ಬರುವ ತನಕ ಹಿಡಿದಿರಬೇಕು. ಸಂಜೆ ಗಾಡಿ ನಿಲ್ಲಿಸಿದ ಕೂಡಲೇ, ಟ್ಯಾಂಕು ಬೆಚ್ಚಗಿರುವಾಗಲೇ ಇದು ಆಗಬೇಕು. ಬೆಳಿಗ್ಗೆ ಮಾಡೋಣವೆಂದರೆ ಡ್ರೈನ್ ವಾಲ್ವೇ ಕಲ್ಲಾಗಿರುತ್ತದೆ. ಈಚಿನ ಗಾಡಿಗಳಲ್ಲಿ ಗಾಳಿ ಟ್ಯಾಂಕಿಗೆ ಹೋಗುವ ಮೊದಲೇ ತೇವ ಹೀರುವ ಏರ್ ಡ್ರೈಯರ್ ಇದೆ. ನಿಂತ ಬಸ್ಸಿನಿಂದಲೂ ಆಗಾಗ ‘ಟಫ್’ ಎಂಬ ಸದ್ದು ಬರುತ್ತದಲ್ಲ, ಅದು ಈ ಡ್ರೈಯರ್ ತಾನು ಹೀರಿದ ತೇವವನ್ನು ಹೊರಗೆಸೆಯುವ ಸದ್ದು. ಒಳಗಿನ ಹೀರುಹರಳು ಹಳೆಯದಾದರೂ ನಮ್ಮ ಬೆಚ್ಚಗಿನ ಊರುಗಳಲ್ಲಿ ಬ್ರೇಕು ಚೆನ್ನಾಗಿಯೇ ಹಿಡಿಯುತ್ತದೆ. ಹಾಗಾಗಿ ಅದನ್ನು ಬದಲಿಸುವುದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಗುಟ್ಟು ರಟ್ಟಾಗುವುದು ಹಿಮದ ಹಾದಿಯಲ್ಲಿ.

ಇನ್ನು ಬೆಳಿಗ್ಗೆ ಗಾಡಿ ಕದಲದಿದ್ದರೆ? ಲಾರಿಯ ಪಾರ್ಕಿಂಗ್ ಬ್ರೇಕನ್ನು ಹಿಡಿದಿರುವುದು ಗಾಳಿಯಲ್ಲ, ಹಿಂದಿನ ಬ್ರೇಕ್ ಚೇಂಬರಿನೊಳಗಿನ ದಪ್ಪ ಸ್ಪ್ರಿಂಗು. ಆ ಸ್ಪ್ರಿಂಗನ್ನು ಹಿಂದಕ್ಕೊತ್ತಿ ಬ್ರೇಕು ಬಿಡಿಸಲು ಗಾಳಿ ಬೇಕು. ಚಕ್ರಕ್ಕೆ ಕಲ್ಲು ಕೊಟ್ಟು, ಮೀಟರಿನಲ್ಲಿ ಏರ್ ತುಂಬಿದ ಮೇಲೆ ಡ್ರೈವರ್ ಪಾರ್ಕಿಂಗ್ ಲಿವರ್ ಬಿಡಿಸಲಿ, ಇನ್ನೊಬ್ಬರು ಪಕ್ಕದಿಂದ ಹಿಂದಿನ ಚೇಂಬರಿನ ರಾಡನ್ನು ನೋಡಲಿ. ರಾಡು ಒಳಸರಿದು ಅದಕ್ಕೆ ಜೋಡಿಸಿದ ತೋಳು, ಅಂದರೆ ಸ್ಲ್ಯಾಕ್ ಅಡ್ಜಸ್ಟರ್, ತಿರುಗಿತು, ಆದರೆ ಕಲ್ಲು ತೆಗೆದು ಗಾಡಿ ಹೊರಡಿಸಿದರೂ ಚಕ್ರ ತಿರುಗಲಿಲ್ಲ ಎಂದರೆ ಲೈನರ್ ಡ್ರಮ್ಮಿಗೆ ಮಂಜಿನಿಂದ ಅಂಟಿಕೊಂಡಿದೆ. ಡ್ರಮ್ಮಿಗೆ ಸುತ್ತಿಗೆಯಿಂದ ನಾಲ್ಕು ಏಟು, ಆಮೇಲೆ ಗಾಡಿಯನ್ನು ನಿಧಾನಕ್ಕೆ ಹಿಂದೆ ಮುಂದೆ ಆಡಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ರಾಡು ಅಲುಗಾಡಲೇ ಇಲ್ಲವೆಂದರೆ ಗಾಳಿ ಅಲ್ಲಿಗೆ ಮುಟ್ಟಿಯೇ ಇಲ್ಲ, ನಡುವೆ ಎಲ್ಲೋ ಮಂಜು ಕೂತಿದೆ.

ಇದಕ್ಕಿಂತ ಅಪಾಯದ್ದು ಕಾಲಿನ ಬ್ರೇಕಿನ ದಾರಿಯಲ್ಲಿ ಮಂಜು ಕಟ್ಟುವುದು. ಮೀಟರು ಹೇಳುವುದು ಟ್ಯಾಂಕಿನ ಸುದ್ದಿ, ಚಕ್ರದ್ದಲ್ಲ. ಮುಳ್ಳು ಎಂಟರಲ್ಲೇ ಇರುತ್ತದೆ, ಪೆಡಲ್ ಒತ್ತಿದರೆ ಬ್ರೇಕಿಲ್ಲ. ಆದ್ದರಿಂದ ಹೊರಟ ಕೂಡಲೇ ನಡಿಗೆಯ ವೇಗದಲ್ಲಿ, ಸಮತಟ್ಟು ಜಾಗದಲ್ಲಿ ಒಮ್ಮೆ ಬ್ರೇಕು ಹಾಕಿ ನೋಡಬೇಕು. ಮಂಜು ಕರಗಿಸಲೆಂದು ಪೈಪಿನ ಕೆಳಗೆ ಬೆಂಕಿ ಹಚ್ಚುವವರಿದ್ದಾರೆ. ನೈಲಾನ್ ಪೈಪು ಮಂಜಿಗಿಂತ ಮೊದಲು ತಾನೇ ಕರಗೀತು. ಒಳಗೆ ಸ್ಪಿರಿಟ್ ಸುರಿದರೆ ಮಂಜೇನೋ ಬಿಡುತ್ತದೆ, ಆದರೆ ವಾಲ್ವುಗಳ ರಬ್ಬರು ಕೆಡುತ್ತದೆ.

ಸ್ವಂತ ಕಾರಿನಲ್ಲಿ ಲೇಹ್‌ಗೆ ಹೋಗುವವರಿಗೂ ಎರಡು ಮಾತು. ಬ್ರೇಕ್ ಆಯಿಲ್ ಹೆಪ್ಪುಗಟ್ಟುವುದಿಲ್ಲ, ಆದರೆ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿಯ ತನಕ ಕುದಿಯದು; ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಕಾದ ಬ್ರೇಕಿನಲ್ಲಿ ಅದು ಕುದ್ದು ಆವಿಯಾದರೆ ಪೆಡಲು ನೆಲಕ್ಕೆ ಹೋಗುತ್ತದೆ. ಆಯಿಲ್ ಹಾಕಿ ಎರಡು ವರ್ಷವಾಗಿದ್ದರೆ ಹೊರಡುವ ಮೊದಲೇ ಬದಲಿಸಿ. ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಎಳೆದ ಹ್ಯಾಂಡ್ ಬ್ರೇಕಿನ ಕೇಬಲ್ಲಿನೊಳಗೆ ತೇವವಿದ್ದರೆ ಬೆಳಿಗ್ಗೆ ಅದು ಬಿಡುವುದಿಲ್ಲ.

ಉಳಿದದ್ದು ರಬ್ಬರ್. ಅದರ ಆಟ ಕಾಣಬೇಕಾದರೆ ರೈಲಿನ ಬ್ರೇಕು ನೋಡಬೇಕು. ರೈಲಿಗೆ ಗಾಳಿ ಬ್ರೇಕು ಕೊಟ್ಟವನು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್, 1869ರಲ್ಲಿ. ಮೊದಲ ಬ್ರೇಕಿನಲ್ಲಿ ಪೈಪು ಒಡೆದರೆ ಬ್ರೇಕೇ ಇಲ್ಲವಾಗುತ್ತಿತ್ತು. 1872ರ ಹೊತ್ತಿಗೆ ಅವನು ಅದನ್ನು ತಲೆಕೆಳಗು ಮಾಡಿದ. ಪೈಪಿನ ಗಾಳಿ ಹೋದರೆ ಪ್ರತಿ ವ್ಯಾಗನ್ನೂ ತನ್ನದೇ ಟ್ಯಾಂಕಿನ ಗಾಳಿಯಿಂದ ಬ್ರೇಕು ಹಿಡಿಯಬೇಕು. ಇವತ್ತಿಗೂ ರೈಲು ನಂಬಿರುವುದು ಅದನ್ನೇ. ಆದರೆ ವ್ಯಾಗನ್ನಿನಲ್ಲಿ ಲಾರಿಯ ಹಾಗೆ ಬ್ರೇಕು ಹಿಡಿಯುವ ಸ್ಪ್ರಿಂಗು ಇಲ್ಲ. ಹಿಡಿದ ಬ್ರೇಕು ಹಿಡಿದಿರಬೇಕಾದರೆ ಸಿಲಿಂಡರಿನ ಗಾಳಿ ಅಲ್ಲೇ ಇರಬೇಕು, ಅದನ್ನು ತಡೆದಿಡುವುದು ರಬ್ಬರಿನ ಸೀಲು. ಚಳಿಯಲ್ಲಿ ರಬ್ಬರು ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ, ಜೊತೆಗೆ ಬಿರುಸಾಗುತ್ತದೆ. ಸಿಲಿಂಡರಿನ ಗೋಡೆಗೆ ಒತ್ತಿಕೊಳ್ಳಬೇಕಾದದ್ದು ಸಡಿಲವಾಗುತ್ತದೆ.

2019ರ ಫೆಬ್ರುವರಿ 3ರ ರಾತ್ರಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಫೀಲ್ಡ್ ಎಂಬ ಊರಿನ ಬಳಿ 112 ವ್ಯಾಗನ್‌ಗಳ ಧಾನ್ಯದ ರೈಲು ಬೆಟ್ಟದ ಇಳಿಜಾರಿನಲ್ಲಿ ವೇಗ ಹತೋಟಿಗೆ ಬಾರದೆ ತುರ್ತು ಬ್ರೇಕು ಹಾಕಿ ನಿಂತಿತು. ಮೈನಸ್ 28 ಡಿಗ್ರಿ. ಸುಮಾರು ಮೂರು ಗಂಟೆ ಅದು ಹಾಗೇ ನಿಂತಿತ್ತು, ಅಷ್ಟು ಹೊತ್ತೂ ಸಿಲಿಂಡರುಗಳಿಂದ ಗಾಳಿ ಸೋರುತ್ತಲೇ ಇತ್ತು. ಪಾಳಿ ಬದಲಾಗಿ ಹೊಸ ಸಿಬ್ಬಂದಿ ಹತ್ತಿದ್ದರಷ್ಟೆ. ಯಾರೂ ಮುಟ್ಟದೆ ರೈಲು ತಾನಾಗಿ ಉರುಳತೊಡಗಿತು. ಕಿಕಿಂಗ್ ಹಾರ್ಸ್ ನದಿಯ ಸೇತುವೆಯ ಬಳಿ ಎರಡು ಎಂಜಿನ್ನುಗಳೂ 99 ವ್ಯಾಗನ್‌ಗಳೂ ಹಳಿ ತಪ್ಪಿದವು, ಮೂವರು ಸಿಬ್ಬಂದಿ ತೀರಿಕೊಂಡರು. ಚಳಿಯಲ್ಲಿ ಬ್ರೇಕ್ ಸಿಲಿಂಡರಿನ ಗಾಳಿ ಸೋರಿದ್ದನ್ನು ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಮುಖ್ಯ ಕಾರಣಗಳಲ್ಲೊಂದಾಗಿ ಗುರುತಿಸಿತು. ಪ್ರತಿ ವ್ಯಾಗನ್ನಿಗೂ ಕೈಯಿಂದ ಚಕ್ರ ತಿರುಗಿಸಿ ಸರಪಳಿ ಬಿಗಿಯುವ ಹ್ಯಾಂಡ್ ಬ್ರೇಕ್ ಇರುತ್ತದೆ, ಅದಕ್ಕೆ ಗಾಳಿಯೂ ಬೇಡ, ರಬ್ಬರೂ ಬೇಡ. ಆ ರಾತ್ರಿ ಅದನ್ನು ಬಿಗಿದಿರಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ತುರ್ತು ಬ್ರೇಕಿನಿಂದ ನಿಂತ ರೈಲಿಗೆ ಹ್ಯಾಂಡ್ ಬ್ರೇಕ್ ಬಿಗಿಯಲೇಬೇಕೆಂದು ಕೆನಡಾ ಸರ್ಕಾರ ಆದೇಶ ಹೊರಡಿಸಿದ್ದು ಅದೇ ಫೆಬ್ರುವರಿ 8ರಂದು.