ಎತ್ತಿಗೆ ಔಷಧಿ ಹೊಡೆದರೆ ಕುರಿಗೆ ಕಾವಲೇ?

ಮೊಳಕಾಲ್ಮೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ: “ಉಣ್ಣಿಗೆಂದು ದನಗಳ ಮೈಗೆ ಹೊಡೆಯುವ ಔಷಧಿಯನ್ನೇ ಮಳೆಗಾಲದಲ್ಲಿ ತಪ್ಪದೆ ಹೊಡೆದರೆ ನಮ್ಮ ಕುರಿಗಳಿಗೆ ನೀಲಿ ನಾಲಿಗೆ ರೋಗ ಬರುವುದು ನಿಲ್ಲುತ್ತದೆಯೇ?”

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಇದು ಬದುಕಿನ ಪ್ರಶ್ನೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಮನೆ ನಡೆಸುವುದು ಕುರಿ. ಕುರಿ ಮೇಯುವ ಬಯಲಲ್ಲೇ ಊರ ದನವೂ ಮೇಯುತ್ತದೆ, ಬುಡಕಟ್ಟುಗಳ ದೇವರ ಎತ್ತುಗಳೂ ಇಲ್ಲಿವೆ. ಆದ್ದರಿಂದ ಕುರಿಯ ರೋಗಕ್ಕೆ ದನದ ಮೈಯಲ್ಲಿ ಮದ್ದು ಹುಡುಕುವುದು ಜಾಣ ಯೋಚನೆಯೇ.

ರೋಗ ಹರಡುವುದು ಒಂದರಿಂದ ಮೂರು ಮಿಲಿಮೀಟರ್ ಉದ್ದದ ಒಂದು ಹುಳು. ನುಸಿ ಎನ್ನಿ, ನೊರಜು ಎನ್ನಿ. ವಿಜ್ಞಾನದಲ್ಲಿ ಅದರ ಕುಲದ ಹೆಸರು ಕ್ಯುಲಿಕಾಯ್ಡಿಸ್. ಸೊಳ್ಳೆಪರದೆಯ ಕಣ್ಣಿನಲ್ಲೂ ನುಸುಳಬಲ್ಲ ಈ ಹುಳುವಿನ ಮೇಲೆ ಬಹುಕಾಲ ಯಾರಿಗೂ ಖಚಿತವಾಗಿ ಬೆರಳು ತೋರಿಸಲಾಗಿರಲಿಲ್ಲ. 1944ರಲ್ಲಿ ದಕ್ಷಿಣ ಆಫ್ರಿಕಾದ ಓಂಡರ್‌ಸ್ಟೆಪೋರ್ಟ್ ಸಂಸ್ಥೆಯ ವಿಜ್ಞಾನಿ ಡು ಟಾಯ್ಟ್, ಹಿಡಿದ ನುಸಿಗಳನ್ನು ಅರೆದು ಕುರಿಗೆ ಚುಚ್ಚಿ, ರೋಗ ಬರುವುದನ್ನು ತೋರಿಸಿದರು. ಭಾರತದಲ್ಲಿ ಈ ರೋಗ ಮೊದಲು ಬೆಳಕಿಗೆ ಬಂದದ್ದು 1964ರಲ್ಲಿ, ಮಹಾರಾಷ್ಟ್ರದಲ್ಲಿ. ಇಂದು ಕರ್ನಾಟಕ ಸೇರಿ ದಕ್ಷಿಣದ ರಾಜ್ಯಗಳಲ್ಲಿ ಅದು ನೆಲೆಯೂರಿದೆ. ಮಳೆಯ ಹಿಂದೆಯೇ ಏಳುತ್ತದೆ.

ಮೊಳಕಾಲ್ಮೂರಿನ ರೇಷ್ಮೆ ಮಗ್ಗ ನೋಡಿದವರಿಗೆ ಮುಂದಿನ ಕಥೆ ಬೇಗ ತಿಳಿಯುತ್ತದೆ. ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಒಳಗೆ ನೂಲು ಸುತ್ತಿದ ಕಂಡಿಕೆ ಇದ್ದರಷ್ಟೇ ಹೊಕ್ಕು ಬೀಳುತ್ತದೆ. ನುಸಿಯೇ ಲಾಳಿ, ಒಂದು ಅಂಚು ದನ, ಇನ್ನೊಂದು ಅಂಚು ಕುರಿ. ದನದ ರಕ್ತದಲ್ಲಿ ಈ ರೋಗದ ವೈರಾಣು ವಾರಗಟ್ಟಲೆ ಇರಬಲ್ಲದು, ಆದರೆ ದನಕ್ಕೆ ಕಾಯಿಲೆ ಕಾಣುವುದು ಅಪರೂಪ. ಆ ರಕ್ತ ಹೀರಿದ ನುಸಿ ಒಡನೆಯೇ ರೋಗ ಕೊಡಲಾರದು. ವೈರಾಣು ಅದರ ಮೈಯೊಳಗೆ ಬೆಳೆದು ಜೊಲ್ಲಿನ ಗ್ರಂಥಿ ಸೇರಬೇಕು. ಬೆಚ್ಚನೆಯ ಹವೆಯಲ್ಲೂ ಅದಕ್ಕೆ ಕೆಲವು ದಿನ ಬೇಕು. ಅದು ಕಂಡಿಕೆ ಸುತ್ತುವ ಕಾಲ. ಅಷ್ಟರೊಳಗೆ ನುಸಿ ಸತ್ತರೆ ಹೊಕ್ಕು ಕಡಿಯಿತು.

ದನಗಳಿಗೆ ಹೊಡೆಯುವ ಡೆಲ್ಟಾಮೆಥ್ರಿನ್‌ನಂಥ ಔಷಧಿಯ ಬಲವೂ ಇಲ್ಲೇ, ಮಿತಿಯೂ ಇಲ್ಲೇ. ಮದ್ದು ತಾಗಿದ ನುಸಿ ಸಾಯುತ್ತದೆ. ಆದರೆ ಸಾಯುವ ಮೊದಲು ಕಚ್ಚಿರುತ್ತದೆ. ಕಂಡಿಕೆ ತುಂಬಿದ ಲಾಳಿಗೆ ಅಷ್ಟು ಸಾಕು. ಅನೇಕ ನುಸಿಗಳು ಕಚ್ಚುವುದು ಹೊಟ್ಟೆಯಡಿ, ಕಾಲುಗಳಲ್ಲಿ. ಬೆನ್ನಿಗೆ ಸುರಿದ ಮದ್ದು ಅಲ್ಲಿಗೆ ತೆಳುವಾಗಿ ತಲುಪುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ದನಗಳಿಗೆ ಇಂಥದೇ ಔಷಧಿಯಾದ ಪರ್ಮೆಥ್ರಿನ್ ಹೊಡೆದು ನೋಡಿದರು; ಸೋಂಕು ತಪ್ಪಲಿಲ್ಲವೆಂದು 2001ರಲ್ಲಿ ವರದಿಯಾಯಿತು.

ದನವನ್ನೇ ಕುರಿಗೆ ಗುರಾಣಿ ಮಾಡುವ ದಾರಿಯನ್ನೂ ನೆವಿಲ್ ಎಂಬ ವಿಜ್ಞಾನಿ ದಕ್ಷಿಣ ಆಫ್ರಿಕಾದಲ್ಲಿ ಪರೀಕ್ಷಿಸಿ 1978ರಲ್ಲಿ ಬರೆದರು. ಅಲ್ಲಿಯ ಮುಖ್ಯ ನುಸಿ ಕ್ಯುಲಿಕಾಯ್ಡಿಸ್ ಇಮಿಕೋಲಾಗೆ ಕುರಿಗಿಂತ ದನವೇ ಇಷ್ಟ. ಪಕ್ಕದಲ್ಲಿ ದನ ಕಟ್ಟಿದರೆ ನುಸಿ ಅತ್ತ ಹೋಗುತ್ತದೆ. ಆ ದನಕ್ಕೆ ಮದ್ದೂ ಹಚ್ಚಿದರೆ ಗುರಾಣಿಗೆ ಬಲ ಬಂದೀತು. ಮದ್ದಿಲ್ಲದೆ ಬಿಟ್ಟ ದನ ಮಾತ್ರ ವೈರಾಣುವಿನ ಉಗ್ರಾಣವೂ ಆಗಬಲ್ಲದು. ಒಬ್ಬರ ಮನೆಯ ನಾಲ್ಕು ಎತ್ತಿಗೆ ಹೊಡೆದು, ಊರ ಉಳಿದ ದನ ಬಿಟ್ಟರೆ ಫಲ ಅಲ್ಪವೇ.

ಹಾಗಾಗಿ ನನ್ನ ಉತ್ತರ: ಔಷಧಿ ಸಹಾಯಕ, ಕಾವಲುಗಾರ ಅಲ್ಲ. ನಿಜವಾದ ಕಾವಲು ಲಸಿಕೆ. ನಮ್ಮ ದೇಶದಲ್ಲೇ ತಯಾರಾಗುವ ಲಸಿಕೆ ಈ ವೈರಾಣುವಿನ ಐದು ಬಗೆಗಳ ವಿರುದ್ಧ ಕೆಲಸ ಮಾಡುತ್ತದೆ. ನುಸಿ ಮೊಟ್ಟೆ ಇಡುವುದು ಒದ್ದೆ ಕೆಸರು, ಸಗಣಿಯಲ್ಲಿ; ರೊಪ್ಪವನ್ನು ಒಣಗಿಸಿ, ತಿಪ್ಪೆಯನ್ನು ದೂರವಿಡಿ. ಮೂತಿ ಊದಿ, ಜೊಲ್ಲು ಸುರಿಸಿ, ಕುಂಟುವ ಕುರಿ ಕಂಡರೆ ಕಾಲುಬಾಯಿ ಜ್ವರವೆಂದು ನೀವೇ ತೀರ್ಮಾನಿಸಬೇಡಿ, ಪಶುವೈದ್ಯರಿಗೆ ತೋರಿಸಿ. ಲಸಿಕೆಗೆ ಮಾತ್ರ ರೋಗ ಬರುವ ತನಕ ಕಾಯಬೇಡಿ. ಮುಂಗಾರಿಗೆ ಮೊದಲೇ ಪಶು ಆಸ್ಪತ್ರೆಗೆ ಹೋಗಿ ಕೇಳಿ.