ಎಕ್ಕದ ಗಿಡ ಮತ್ತು ಪೋಕೆಮಾನ್ ಪುಸ್ತಕ

ಭೀಮರಾಯನಗುಡಿಯ ಸುತ್ತ ಕಾಲುವೆ ನೀರು ಹರಿದಲ್ಲೆಲ್ಲ ಭತ್ತ. ನೀರು ತಲುಪದ ಎರೆಹೊಲಗಳಲ್ಲಿ ತೊಗರಿ, ಹತ್ತಿ, ಹಿಂಗಾರಿಗೆ ಬಿಳಿಜೋಳ. ಎರಡರ ನಡುವಿನ ಬದುವಿನಲ್ಲಿ ಯಾರೂ ನೆಡದ ಎಕ್ಕ. ಅದರ ಎಲೆಯಡಿಗೆ ಪ್ಲೇನ್ ಟೈಗರ್ ಚಿಟ್ಟೆ ಒಂದೊಂದೇ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳುವಿಗೆ ಕಪ್ಪು, ಬಿಳಿ, ಹಳದಿ ಪಟ್ಟೆ. ಮೈಮೇಲೆ ಮೂರು ಜೊತೆ ಕರಿ ಎಳೆ. ಹಾಲೊಸರುವ ಎಲೆಯನ್ನೇ ತಿಂದು, ಅದರ ವಿಷವನ್ನು ಮೈಗೂಡಿಸಿಕೊಂಡು ಬೆಳೆಯುತ್ತದೆ. ಹಕ್ಕಿಗಳು ದೂರವಿರುತ್ತವೆ.

ಇಂಥದೇ ಹುಳುಗಳ ಹಿಂದೆ ಅಲೆದವರು ಪೋಕೆಮಾನ್ ವಿಡಿಯೊ ಆಟ ರೂಪಿಸಿದ ಸಾತೋಶಿ ತಾಜಿರಿ. ಟೋಕಿಯೋ ಅಂಚಿನ ಮಾಚಿದಾದಲ್ಲಿ ಬಾಲ್ಯ. ಕೆರೆ, ತೋಪುಗಳ ಜಾಗದಲ್ಲಿ ಕಟ್ಟಡಗಳೆದ್ದದ್ದನ್ನು ಕಂಡವರು. ಹುಳು ಹಿಡಿಯುವ ಆ ಖುಷಿ 1996ರ ಫೆಬ್ರವರಿ 27ರಂದು ಗೇಮ್ ಬಾಯ್‌ನಲ್ಲಿ ಪೋಕೆಮಾನ್ ರೆಡ್, ಗ್ರೀನ್ ಆಗಿ ಬಂತು. ಜೀವಿಗಳು 151. ಹುಲ್ಲಿಗೆ ಕಾಲಿಟ್ಟರೆ ಎಲ್ಲಿಂದಲೋ ಒಂದು ಎದುರಾಗುತ್ತಿತ್ತು. ಕ್ಯಾಟರ್‌ಪೀ ಎಂಬ ಹುಳು ಏಳನೇ ಹಂತಕ್ಕೆ ಕೋಶ, ಹತ್ತನೆಯದಕ್ಕೆ ಚಿಟ್ಟೆ. ಆದರೆ ಎಲೆ ತಿಂದಲ್ಲ, ಕಾದಾಡಿ. ಆ ಹುಲ್ಲಿನಲ್ಲಿ ಹಗಲಿರಲಿಲ್ಲ, ರಾತ್ರಿಯಿರಲಿಲ್ಲ. ಗಂಡು ಹೆಣ್ಣೆಂಬುದೂ ಹೆಚ್ಚುಕಡಿಮೆ ಇರಲಿಲ್ಲ.

1999ರಲ್ಲಿ ಬಂದ ಮುಂದಿನ ಆಟಗಳಾದ ಗೋಲ್ಡ್, ಸಿಲ್ವರ್‌ನೊಳಗೆ ಗಡಿಯಾರ ಓಡತೊಡಗಿತು. ಹೂಟ್‌ಹೂಟ್ ಎಂಬ ಗೂಬೆ ಕತ್ತಲಾದ ಮೇಲೇ ಹೊರಗೆ. ನಮ್ಮ ಬೇವಿನ ಮರದ ಹಾಲಕ್ಕಿಯೂ ಹೆಚ್ಚಾಗಿ ಹಾಗೆಯೇ. ಲಿಂಗ, ಮೊಟ್ಟೆ, ಮರಿ ಬಂದದ್ದೂ ಆಗಲೇ. ಆದರೂ ಗಂಡು ಹೆಣ್ಣಿನ ರೂಪ ಬೇರೆಯಾಗಲು 2006ರ ಡೈಮಂಡ್, ಪರ್ಲ್‌ವರೆಗೆ ಕಾಯಬೇಕಾಯಿತು. ಅಲ್ಲಿನ ವ್ಯತ್ಯಾಸ ಸಣ್ಣದು, ಹೆಣ್ಣು ಪಿಕಾಚುವಿನ ಬಾಲದ ತುದಿಯಷ್ಟು. ಬದುವಿನ ಚಿಟ್ಟೆ ಡಾನೈಡ್ ಎಗ್‌ಫ್ಲೈಯನ್ನು ನೋಡಿ: ಗಂಡು ಕಪ್ಪು, ಮೇಲೆ ದೊಡ್ಡ ಬಿಳಿ ಚುಕ್ಕೆ. ಹೆಣ್ಣು ಎಕ್ಕದ ವಿಷ ಉಣ್ಣದೆಯೂ ಪ್ಲೇನ್ ಟೈಗರ್‌ನ ವೇಷ ಹಾಕಿ ಹಕ್ಕಿಗಳನ್ನು ಏಮಾರಿಸುತ್ತದೆ.

2002ರ ರೂಬಿ, ಸಫೈರ್‌ನಲ್ಲಿ ಪ್ರತಿ ಜೀವಿಗೂ ಸ್ವಭಾವ ಬಂತು, ವಿಶೇಷ ಗುಣ ಬಂತು. ಆದರೆ ಹಳೆಯ ಆಟದಲ್ಲಿ ಸಾಕಿದವು ಹೊಸದಕ್ಕೆ ದಾಟಲಿಲ್ಲ. ಎರಡರ ಒಳರಚನೆಯೇ ಹೊಂದಲಿಲ್ಲ. ನೀರು ನಿಂತ ಗದ್ದೆಗೆ ಬೆಳ್ಳಕ್ಕಿ ಇಳಿಯುತ್ತದೆ, ಒಣನೆಲದಲ್ಲಿ ಗೂಡು ಕಟ್ಟುವ ನೆಲಗುಬ್ಬಿಗೆ ಅಲ್ಲಿ ಜಾಗವಿಲ್ಲ. ನೆಲದ ನಿಯಮ ಬದಲಾದರೆ ಇರುವವರೂ ಬದಲಾಗುತ್ತಾರೆ.

2010ರ ಬ್ಲ್ಯಾಕ್, ವೈಟ್ ತಿಂಗಳಿಗೊಂದು ಋತು ತಂದಿತು. ಡಿಯರ್‌ಲಿಂಗ್ ಎಂಬ ಜಿಂಕೆಮರಿ ವಸಂತಕ್ಕೆ ಗುಲಾಬಿ, ಬೇಸಿಗೆಗೆ ಹಸಿರು. ಭತ್ತದೆಲೆ ತಿನ್ನುವ ಕಾಮನ್ ಈವ್ನಿಂಗ್ ಬ್ರೌನ್ ಚಿಟ್ಟೆಯ ಲೆಕ್ಕ ಬೇರೆ. ಮಳೆಗಾಲದ ಪೀಳಿಗೆಗೆ ರೆಕ್ಕೆಯಡಿ ಕಣ್ಣುಚುಕ್ಕೆಗಳ ಸಾಲು. ಒಣಗಾಲದ ಪೀಳಿಗೆ ತರಗೆಲೆಯಂತೆ ಮಾಸಲು. ಒಂದೇ ಚಿಟ್ಟೆ ಬಣ್ಣ ಬದಲಿಸುವುದಿಲ್ಲ. ಮರಿಹುಳು ಬೆಳೆಯುವಾಗ ಇದ್ದ ಹವೆ ಅದರ ರೆಕ್ಕೆಯನ್ನು ನಿರ್ಧರಿಸುತ್ತದೆ.

ಮುಂದಿನ ಹೆಜ್ಜೆಗಳು ಬೇಗ ಬಿದ್ದವು. 2013ರ ಎಕ್ಸ್, ವೈಯಲ್ಲಿ ವಿವಿಯಾನ್ ಚಿಟ್ಟೆಯ ರೆಕ್ಕೆ ಆಡುವವರ ಪ್ರದೇಶಕ್ಕೆ ತಕ್ಕಂತೆ ಬದಲಾಯಿತು. 2016ರ ಸನ್, ಮೂನ್‌ನಲ್ಲಿ ಹವಳದಂಥ ಕೊರ್ಸೋಲಾ ನೆರವಿಗೆ ಕೂಗಿದರೆ ಅದನ್ನು ತಿನ್ನುವ ಮರೀನಿಯೇ ಬರಬಹುದು. ಬೇಟೆಯೂ ಬೇಟೆಗಾರನೂ ಹೀಗೆ ಒಂದೇ ಕಡೆ ಸೇರಿದವು. 2019ರ ಸ್ವೋರ್ಡ್, ಶೀಲ್ಡ್‌ನಲ್ಲಿ ಜೀವಿಗಳು ಹುಲ್ಲಿನಲ್ಲಿ ಕಣ್ಣೆದುರೇ ಓಡಾಡಿದವು. 2022ರ ಲೆಜೆಂಡ್ಸ್ ಆರ್ಸಿಯಸ್‌ನಲ್ಲಿ ಹಿಡಿದ ಮಾತ್ರಕ್ಕೆ ಜೀವಿಗಳನ್ನು ದಾಖಲಿಸುವ ಆಟದ ಪುಸ್ತಕದ ಪುಟ ತುಂಬುವುದಿಲ್ಲ. ಜೀವಿ ಯಾವ ವಿದ್ಯೆ ತೋರುತ್ತದೆ, ಹೇಗೆ ಬೆಳೆಯುತ್ತದೆ ಎಂದು ಮತ್ತೆ ಮತ್ತೆ ನೋಡಿ ದಾಖಲಿಸಬೇಕು.

ಇಪ್ಪತ್ತಾರು ವರ್ಷಗಳಲ್ಲಿ ಆ ಆಟ ಹಿಡಿಯುವವನಿಂದ ನೋಡುವವನ ಕಡೆಗೆ ಹೀಗೆ ನಡೆದುಬಂದಿದೆ. ಮೊಬೈಲಿನಲ್ಲಿ ಪೋಕೆಮಾನ್ ಗೋ ಆಡುವ ಮಕ್ಕಳಿಗೆ ಬದುವಿನ ಹುಳುಗಳನ್ನು ಬರೆದಿಡಲು ಬೇಕಾದ ಕಾಲ, ಹವೆ, ಜಾಗ ಎಂಬ ಮೂರು ಕಾಲಂಗಳನ್ನು ಹೊಸದಾಗಿ ಕಲಿಸಬೇಕಿಲ್ಲ. ನಾಲ್ಕನೆಯದನ್ನು ಮಾತ್ರ ನಾವು ಸೇರಿಸಿಕೊಡಬೇಕು: ಇಂಥ ದಿನ, ಇಂಥ ಎಕ್ಕದ ಮೇಲೆ ಹುಳು ಕಾಣಲಿಲ್ಲ. ಆಟದ ಪುಸ್ತಕದಲ್ಲಿ ಖಾಲಿ ಜಾಗವೆಂದರೆ ಇನ್ನೂ ಸಿಗದ್ದು, ಎಂದಾದರೂ ಸಿಕ್ಕೇ ಸಿಗುವಂಥದ್ದು. ಬದುವಿನ ಪುಸ್ತಕದಲ್ಲಿ ಆ ಭರವಸೆ ಇಲ್ಲ; ಅದಕ್ಕೇ ಕಾಣದ್ದನ್ನೂ ತಾರೀಖು ಹಾಕಿ ಬರೆದಿಡಬೇಕು.